ಕೈ ಹಚ್ಚೋರು

ಜುವಾರಿನಗರದ ಏರಿನ ಮ್ಯಾಲ ನನ್ನ ಅಂಗಡಿ.
ಸ್ಲೈಡಿಂಗ್ ಕಿಟಕಿ, ಸೊಳ್ಳಿ ಜಾಳಿಗಿ, ಬಾತ್‌ರೂಮಿನ ಬಾಗಿಲ.
ಅಲ್ಯುಮಿನಿಯಂ ಕೊಯ್ಯುವಾಗ ಚೀರತೈತಿ.
ಇಪ್ಪತ್ತೆರಡು ವರ್ಷದಿಂದ ನನ್ನ ಎಡಗಿವಿಗೆ
ಅದೊಂದ ಸುದ್ದಿ.

ಫೆಸ್ತಿನ ಪೆಂಡಾಲು ಬಿಚ್ಚೂ ವಾರ ಮೂವರು ಬಂದ್ರು,
ಕನ್ನಡ ಸಾಲಿಯವರು, ಎಂಟನೇತ್ತ.
ಕಸ್ತೂರಿ, ಮೌಲಾಲಿ, ಮತ್ತ ಮಾತಾಡದ ಇನ್ನೊಬ್ಬ.
‘ಕಾಕಾ, ಉಳದ ತುಂಡು ಕೊಡ್ತೀರೇನ್ರಿ?’
ಯಾಕಂತ ಕೇಳಿದೆ.
ಹುಡುಗಿ ಗಣಿತದ ವಹಿಯ ಹಿಂದಿನ ಪುಟ ತೆಗದ್ಲು:
ನಾಕು ಕಾಲು, ಒಂದು ತೋಳು, ತೋಳಿನ ತುದಿಗೆ ಬುಟ್ಟಿ,
ಬುಟ್ಟಿ ಕೆಳಗ ಗೆರಿಯಿಂದ ಮಾಡಿದ ಒಬ್ಬ ಹೆಂಗಸು.

‘ಅವ್ವ ಜೆಟ್ಟಿಯೊಳಗ ಮೀನ ಹೊರತಾಳ್ರಿ.
ನೆಲದಿಂದ ಸೊಂಟದಮಟ ತಾನ ಎತ್ತತಾಳ.
ಸೊಂಟದಿಂದ ತಲಿಗೆ ಇನ್ನೊಬ್ಬರು ಕೈ ಹಚ್ಚಬೇಕು.
ನಸಿಕಿನ್ಯಾಗ ಯಾರೂ ಸಿಗೂದಿಲ್ಲ. ನಿಂತಿರತಾಳ.’
ಆಮ್ಯಾಲ ಮತ್ತೊಮ್ಮೆ, ವಹಿ ಮುಚ್ಚತಾ:
‘ನಿಂತಿರತಾಳ.’

ಮೊದಲ ಪೈಪಿನ್ಯಾಗ ಮಾಡ್ರಿ ಅಂದೆ.
ಒಂದಿಂಚಿನ ಪಿವಿಸಿ, ಎಂಟು ಎಲ್ಬೋ, ಆರು ಟೀ.
ಅಂಟಿನ ಡಬ್ಬಿ ಮಾತ್ರ ನನ್ನ ಹಂತೇಕ ಇಟ್ಕೊಂಡೆ.
ಅಂಟಿಸಿದ್ದು ಮುಗೀತು, ತುರುಕಿದ್ದು ಬಿಚ್ಚತೈತಿ;
ತಪ್ಪು ತೀರೂತನಕ ತುರುಕ್ರಿ.

ತಪ್ಪು ಲಗೂ ತೀರಲಿಲ್ಲ.
ಮೀನಿನ ಬದಲಿ ಇಟ್ಟಿಗಿ ಇಟ್ರು.
ಮೂರಕ್ಕ ತೋಳು ಮುನಿಸ್ಕೊಂಡ್ತು,
ನಾಕಕ್ಕ ಬಾಗಿ
ಬುಟ್ಟಿ ಮೌಲಾಲಿ ಪಾದದ ಮ್ಯಾಲ.
ಅಂವ ಕುಂಟತಾ ನಕ್ಕ, ನಗತಾ ಅತ್ತ.

ಒಡದ ಆಫೀಸಿನ ಪಾರ್ಟಿಷನ್ನು ಒಂದು ಬಿದ್ದಿತ್ತು,
ಅದರ ಚೌಕ ಸೆಕ್ಷನ್ ಕೊಯ್ದು ಕೊಟ್ಟೆ, ತೋಳಿಗೆ.
ಕಾಲು ಪೈಪಿನವ ಉಳದು ಅಲ್ಲಾಡತಿದ್ದವು.
ಮಾತಾಡದಂವ ಎದ್ದು ಹೋದ.
ಬಾಯಣಾ ದಂಡಿಯ ಉಸುಕು ಚೀಲದಾಗ ತಂದು
ಒಂದೊಂದ ಕಾಲಿಗೂ ಸುರದು, ಮುಚ್ಚಳ ಬಡದ.
ಚೌಕಟ್ಟು ಎತ್ತಿನಂಗ ನಿಂತ್ತು.
ಅವನ ಹೆಸರು ಯಲ್ಲೇಶ ಅಂತ ಅವತ್ತ ಕೇಳಿದೆ.

ಐತವಾರ ನಸಿಕು, ಜೆಟ್ಟಿ.
ಗಾಳೆವ್ವ ಸೆರಗು ಸುತ್ತಿ ಸಿಂಬಿ ಇಟ್ಟು
ಬುಟ್ಟಿ ಕೆಳಗ ಬಂದು ನಿಂತ್ಲು.
ಸಿಂಬಿಗೂ ಬುಟ್ಟಿಗೂ ನಡುವ ಬೆಳಕು ಕಾಣತಿತ್ತು.
ಎರಡು ಇಂಚು.

‘ಅಳತಿ ಎಲ್ಲಿಂದ ತಗೊಂಡಿ?’
ಕಸ್ತೂರಿ ಕಾರ್ಡು ತೋರಿಸಿದ್ಲು, ಚಿಕಳೀ ದವಾಖಾನಿದು,
ಬಸರಿದ್ದಾಗ ನರ್ಸಬಾಯಿ ಬರದದ್ದು:
ಎತ್ತರ ನೂರಾ ಐವತ್ತೆರಡು.
‘ನಾ ಹೊಟ್ಟಿಯೊಳಗಿದ್ದಾಗಿಂದ್ರಿ.’

ಯಾರೂ ಮಾತಾಡಲಿಲ್ಲ. ಬೋಟಿನ ಮಷಿನ್ ಆಡತಿತ್ತು.
ಕಿಟಕಿ ಕೂಡದಿದ್ರ ನಮ್ಮ ಧಂದೆದಾಗ ಒಂದು ಮಾತೈತಿ,
ಚೌಕಟ್ಟಿಂದೇನ ತಪ್ಪಿಲ್ಲ ಸಾಹೇಬ್ರ, ಗೋಡಿ ಕುಂತೈತಿ.
ನಾಲಿಗಿ ತುದಿಗೆ ಬಂದಿತ್ತು. ನುಂಗಿದೆ.
ಗಾಳೆವ್ವನ ನಕ್ಲು:
‘ನನ್ನ ಜಗ್ಗಿ ಉದ್ದ ಮಾಡಾಕ ಆಗತೈತೇನ? ಕೊಯ್ರಿ ಅದನ್ನ.’

ಹ್ಯಾಕ್ಸಾ ಬ್ಲೇಡು, ನಾಕೂ ಕಾಲು.
ಕೊಯ್ದಂಗ ಉಸುಕು ಮೀನಿನ ನೀರಾಗ ಸುರೀತು.
ಮತ್ತ ಬಂದು ನಿಂತು ಪಾವಟಿಗಿ ತುಳದ್ಲು,
ಬುಟ್ಟಿ ಕುಂತ್ತು.
ಹಿಂದ ತಿರುಗಿ ನೋಡದ ಹೋದ್ಲು,
ಕುತ್ತಿಗಿ ಗುಂಟ ಬರ್ಫಿನ ನೀರು ಇಳೀತಿತ್ತು.
ಖಾಲಿ ಬುಟ್ಟಿ ತಂದಾಕಿ ಅಂದ್ಲು:
‘ನನಗ ಬರೋಬ್ಬರಿ. ಫಾತಿಮಾಬಿಗೆ ಗಿಡ್ಡ ಆಗತೈತಿ,
ಆಕಿ ಬಂದು ಐದ ತಿಂಗಳಾತು.’

ಮಡಗಾಂವಿನ ಪ್ರದರ್ಶನದಾಗ ಬಹುಮಾನ ಬರಲಿಲ್ಲ.
ಸೆನ್ಸರ್ ಎಲ್ಲೈತಿ ಅಂತ ಕೇಳಿದ್ರಂತ.
ಮೌಲಾಲಿ ತನ್ನ ಪಾದ ತೋರಿಸಿದನಂತ.

ನಿನ್ನಿ ಮತ್ತ ಬಂದಿದ್ರು.
ದಪ್ಪ ಪೈಪಿನೊಳಗ ಸಣ್ಣ ಪೈಪು, ಇಂಚಿಗೊಂದು ತೂತು, ಒಂದು ಪಿನ್ನು.
ಯಾರು ಬಂದ್ರ ಅವರ ಎತ್ತರಕ್ಕ.
ಡ್ರಿಲ್ ಕೊಟ್ಟೆ. ಪಿನ್ನಿಗೆ ಹಳೆ ಕಿಟಕಿಯ ಚಿಲಕ ಕೊಟ್ಟೆ.
ಅಂಟಿನ ಡಬ್ಬಿ ಕೇಳಿದ್ರು.
ಕೊಡಲಿಲ್ಲ ಇನ್ನೂ.